ಹಿಗ್ಗುವ ಪಟ್ಟಿ

ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ನನ್ನ ಬಲಭುಜ ಹಿಡಿದುಕೊಂಡಿತು. ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ. ಟ್ರ್ಯಾಕ್ಟರಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹನ್ನೊಂದು ದಿನ ಒಂದೇ ಭಂಗಿಯಲ್ಲಿ ಕೂತಿದ್ದೆ, ಅಷ್ಟೆ. ಹನ್ನೆರಡನೆಯ ದಿನ ಬೆಳಿಗ್ಗೆ ಬಾಲ್ಕನಿಯ ಹಗ್ಗದಿಂದ ಬಟ್ಟೆ ತೆಗೆಯಲು ಕೈ ಎತ್ತಿದೆ. ಕೈ ಅರ್ಧಕ್ಕೇ ನಿಂತಿತು. ಕುತ್ತಿಗೆಯ ಬುಡದಿಂದ ಮೊಣಕೈವರೆಗೆ ಏನೋ ಒಂದು ಸಣ್ಣಗೆ ಹರಿದುಹೋಯಿತು. ಜುಲೈ ತಿಂಗಳ ಡೊಂಬಿವಲಿಯಲ್ಲಿ ಬಟ್ಟೆ ಹೇಗೂ ಒಣಗಿರಲಿಲ್ಲ. ಅಲ್ಲೇ ಬಿಟ್ಟು ಒಳಗೆ ಬಂದೆ.

ನಾಲ್ಕು ದಿನ ಮುಲಾಮು ಹಚ್ಚಿದೆ, ಬಿಸಿನೀರಿನ ಚೀಲ ಇಟ್ಟೆ. ಐದನೆಯ ದಿನ ಲೋಕಲ್ ಟ್ರೈನಿನಲ್ಲಿ ಮೇಲಿನ ಹಿಡಿಕೆ ಹಿಡಿಯಲಾಗದೆ, ಹೆಂಗಸರ ಡಬ್ಬಿಯಲ್ಲಿ ದಿವಾ ದಾಟುವಷ್ಟರಲ್ಲಿ ಮೂರು ಜನರ ಮೇಲೆ ಒರಗಿ ಮೂರು ಜನರಿಂದ ಬೈಸಿಕೊಂಡೆ. ಅವತ್ತೇ ಸಂಜೆ ಮಾನ್‌ಪಾಡಾ ರಸ್ತೆಯ ಹತ್ತಿರ ಒಬ್ಬ ಫಿಸಿಯೋಥೆರಪಿಸ್ಟ್ ಬಳಿಗೆ ಹೋದೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಮರಾಠಿಯವಳು. ಭುಜದ ಮೇಲೆ ಕೈಯಿಟ್ಟು ಅವಳು ಕೇಳಿದ ಮೊದಲ ಪ್ರಶ್ನೆ, 'ಕಸಂ ದುಖ್ತಂಯ್?' ಹೇಗೆ ನೋಯುತ್ತಿದೆ? ಎಷ್ಟು ಅಂತಲ್ಲ, ಎಲ್ಲಿ ಅಂತಲ್ಲ, ಹೇಗೆ. ಚುಚ್ಚುತ್ತದೆಯೋ, ಎಳೆಯುತ್ತದೆಯೋ?

ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದವಳು, ಅನುವಾದದಿಂದಲೇ ಹೊಟ್ಟೆ ಹೊರೆಯುವವಳು, ಆ ಪ್ರಶ್ನೆಗೆ ಉತ್ತರ ಕೊಡಲು ಒದ್ದಾಡಿದೆ. ತಲೆಯಲ್ಲಿ ಕನ್ನಡದ ಪದಗಳೆಲ್ಲ ಸಾಲಾಗಿ ನಿಂತವು: ಚುಚ್ಚು, ಸೆಳೆ, ಸಿಡಿ, ಹಿಂಡು, ಜೋಮು, ಉಳುಕು, ಚಳುಕು. ಇದು ಚುಚ್ಚುವುದಲ್ಲ. ಸೆಳೆತ ಅನ್ನಬಹುದು, ಆದರೆ ಕೈ ಎತ್ತಿದಾಗ ಮಾತ್ರ ಚಳುಕು. ಮರಾಠಿಯಲ್ಲಿ ಬೆನ್ನು ಹಿಡಿದರೆ 'ಉಸಣ ಭರಲೀ' ಅನ್ನುತ್ತಾರೆ, ಕುತ್ತಿಗೆ ಹಿಡಿದರೆ 'ಮಾನ್ ಆಖಡಲೀ'. ಭುಜಕ್ಕೆ ಏನನ್ನುತ್ತಾರೋ ತಿಳಿಯದೆ, ಕೊನೆಗೆ 'ಹಿಡಿದುಕೊಂಡಿದೆ' ಅನ್ನುವುದನ್ನೇ ಪದಕ್ಕೆ ಪದ ಮರಾಠಿಗೆ ತಿರುಗಿಸಿ ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಯಿತು. ಎರಡೂ ಭಾಷೆಗಳಲ್ಲಿ ನೋವು ನಾವು ಮಾಡುವ ಕೆಲಸವಲ್ಲ, ಇಟ್ಟುಕೊಳ್ಳುವ ವಸ್ತುವೂ ಅಲ್ಲ. ಅದು ನಮಗೆ ಆಗುತ್ತದೆ, ಬರುತ್ತದೆ, ಹಿಡಿಯುತ್ತದೆ.

ಈ 'ಹೇಗೆ' ಅನ್ನುವ ಪ್ರಶ್ನೆಗೆ ಒಂದು ಇತಿಹಾಸವಿದೆ. ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ ರೋಗಿಗಳು ನೋವನ್ನು ವರ್ಣಿಸಲು ಬಳಸುವ ಪದಗಳನ್ನು ಕೂಡಿಹಾಕಿ, 1975ರಲ್ಲಿ ಮೆಕ್‌ಗಿಲ್ ಪ್ರಶ್ನಾವಳಿಯನ್ನು ಪ್ರಕಟಿಸಿದ. ಅದರಲ್ಲಿ 78 ಪದಗಳಿವೆ, 20 ಗುಂಪುಗಳಲ್ಲಿ. ನೋವಿಗೆ ಅಳತೆಗೋಲಿಗಿಂತ ಮೊದಲು ಶಬ್ದಕೋಶ ಬೇಕು ಅನ್ನುವುದನ್ನು ಅವನು ಕಂಡುಕೊಂಡಿದ್ದ. ಈ ಮೆಲ್ಜಾಕ್ ಮುಂದೆ ಇನ್ನೊಮ್ಮೆ ಬರುತ್ತಾನೆ, ನೆನಪಿಟ್ಟುಕೊಳ್ಳಿ.

ಅವಳು ಭುಜವನ್ನು ಹಿಂದೆ ಮುಂದೆ ಆಡಿಸಿ ನೋಡಿದಳು, ಮೂರು ವ್ಯಾಯಾಮ ಹೇಳಿಕೊಟ್ಟಳು. ಕೊನೆಯಲ್ಲಿ ಡ್ರಾಯರಿನಿಂದ ನೀಲಿ ಬಣ್ಣದ ಒಂದು ಸುರುಳಿ ತೆಗೆದಳು. ಐದು ಸೆಂಟಿಮೀಟರ್ ಅಗಲದ ಬಟ್ಟೆಯ ಪಟ್ಟಿ. ಒಂದು ಗೇಣಿಗಿಂತ ತುಸು ಉದ್ದ ಕತ್ತರಿಸಿ, ನಾಲ್ಕೂ ಮೂಲೆಗಳನ್ನು ದುಂಡಗೆ ಮಾಡಿದಳು. ಮೂಲೆ ಚೂಪಾಗಿದ್ದರೆ ಅಂಗಿಗೆ ಸಿಕ್ಕಿ ಬೇಗ ಏಳುತ್ತದಂತೆ. ಒಂದು ತುದಿಯಿಂದ ಉದ್ದಕ್ಕೆ ಸೀಳಿ ಕವಲು ಮಾಡಿದಳು. ಬುಡವನ್ನು ಎಳೆಯದೆ ತೋಳಿನ ಮೇಲೆ ಅಂಟಿಸಿ, ಎರಡು ಕವಲುಗಳನ್ನು ಭುಜದ ಸ್ನಾಯುವಿನ ಆಚೆ ಈಚೆ ತುಸುವೇ ಎಳೆದು ಹರಡಿ, ತುದಿಗಳನ್ನು ಮತ್ತೆ ಎಳೆಯದೆ ಒತ್ತಿದಳು. ಆಮೇಲೆ ಅಂಗೈಯಿಂದ ಜೋರಾಗಿ ಉಜ್ಜಿದಳು. ಅಂಟು ಬಿಸಿಗೆ ಹಿಡಿಯುತ್ತದೆ. ಒಂದು ಗಂಟೆ ಬೆವರಬೇಡಿ ಅಂದಳು. ಡೊಂಬಿವಲಿಯಲ್ಲಿ, ಜುಲೈನಲ್ಲಿ! ಇಬ್ಬರೂ ನಕ್ಕೆವು.

'ಇದು ವಾಸಿ ಮಾಡುತ್ತದಾ?' ಕೇಳಿದೆ. ಅವಳ ಉತ್ತರವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: 'ಇಲ್ಲ. ವಾಸಿಯಾಗುವುದು ವ್ಯಾಯಾಮದಿಂದ. ಇದಿದ್ದರೆ ನೀವು ಕೈ ಎತ್ತಲು ಹೆದರುವುದಿಲ್ಲ.' ಅವತ್ತು ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಕ್ಲಿನಿಕ್ಕಿನ ಮೆಟ್ಟಿಲಿಳಿಯುವಾಗಲೇ ಕೈ ಹಗುರ ಅನ್ನಿಸುತ್ತಿತ್ತು. ಮೂರನೆಯ ದಿನ ಹಿಡಿಕೆ ಹಿಡಿದು ಠಾಣೆಯವರೆಗೆ ನಿಂತುಕೊಂಡೇ ಹೋದೆ. ಕುರ್ತಾದ ತೋಳಿನಿಂದ ನೀಲಿ ಪಟ್ಟಿ ಇಣುಕುತ್ತಿತ್ತು. ಎದುರಿಗೆ ನಿಂತಿದ್ದ ಹೆಂಗಸು ಅದನ್ನು ನೋಡಿ, ತನ್ನ ಸೆರಗು ಸರಿಸಿ ಕುತ್ತಿಗೆಯ ಹಿಂದಿದ್ದ ಗುಲಾಬಿ ಪಟ್ಟಿ ತೋರಿಸಿದಳು. ಈ ಊರಿನಿಂದ ದಿನಾ ಒಂದು ಒಂದೂವರೆ ಗಂಟೆ ನಿಂತು ಹೋಗಿ ನಿಂತು ಬರುವವರ ಮೈಯಲ್ಲಿ ಇಂಥ ಪಟ್ಟಿಗಳು ಎಷ್ಟಿವೆಯೋ ಎಂದು ಅವತ್ತಿನಿಂದ ಹುಡುಕತೊಡಗಿದೆ. ಹುಡುಕಿದರೆ ಕಾಣುತ್ತವೆ.

ಈ ಪಟ್ಟಿಯನ್ನು ಕಂಡುಹಿಡಿದವನು ಕೆಂಜೊ ಕಾಸೆ ಎಂಬ ಜಪಾನಿ ಕೈರೋಪ್ರಾಕ್ಟರ್, 1970ರ ದಶಕದಲ್ಲಿ. ಆಗ ಆಟಗಾರರಿಗೆ ಹಾಕುತ್ತಿದ್ದ ಬಿಳಿ ಟೇಪು ಗಟ್ಟಿ, ಹಿಗ್ಗದು. ಕೀಲನ್ನು ಕಟ್ಟಿಹಾಕುವುದೇ ಅದರ ಉದ್ದೇಶ. ಕಾಸೆಗೆ ಬೇಕಿದ್ದದ್ದು ಚರ್ಮದ ಹಾಗೆ ಹಿಗ್ಗುವ ಟೇಪು. ತಾನು ಕೈಯಿಂದ ಮಾಡಿದ ಉಪಚಾರದ ಪರಿಣಾಮ ರೋಗಿ ಮನೆಗೆ ಹೋದ ಮೇಲೂ ಉಳಿಯಬೇಕು ಅನ್ನುವುದು ಅವನ ಆಸೆ. ಹೀಗೆ ಹತ್ತಿಬಟ್ಟೆಯೊಳಗೆ ಎಲಾಸ್ಟಿಕ್ ಎಳೆ ಸೇರಿಸಿ, ಹಿಂಬದಿಗೆ ಅಕ್ರಿಲಿಕ್ ಅಂಟನ್ನು ಅಲೆಅಲೆಯಾಗಿ ಬಳಿದ ಪಟ್ಟಿ ಹುಟ್ಟಿತು. ಉದ್ದಕ್ಕೆ ಮಾತ್ರ ಹಿಗ್ಗುತ್ತದೆ, ಮೂಲ ಉದ್ದದ ಸುಮಾರು 140 ಪ್ರತಿಶತದವರೆಗೆ. ಔಷಧಿ ಏನೂ ಇರುವುದಿಲ್ಲ. ಪಟ್ಟಿ ಚರ್ಮವನ್ನು ಸ್ವಲ್ಪ ಮೇಲಕ್ಕೆತ್ತುತ್ತದೆ, ಚರ್ಮದಲ್ಲಿ ಸಣ್ಣ ಸಣ್ಣ ನೆರಿಗೆ ಮೂಡುತ್ತವೆ, ಕೆಳಗೆ ರಕ್ತ ಮತ್ತು ದುಗ್ಧರಸ ಹರಿಯಲು ಜಾಗ ಸಿಗುತ್ತದೆ, ನೋವು ಇಳಿಯುತ್ತದೆ. ಇದು ಕಾಸೆಯ ವಾದ.

ಜಗತ್ತಿನ ಕಣ್ಣಿಗೆ ಇದು ಬಿದ್ದದ್ದು 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ. ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಷ್ ಭುಜದ ಮೇಲೆ ಕಪ್ಪು ಪಟ್ಟಿಗಳನ್ನು ಹಾಕಿಕೊಂಡು ಆಡಿ ಚಿನ್ನ ಗೆದ್ದಳು. 2012ರ ಯೂರೋ ಕಪ್ಪಿನ ಸೆಮಿಫೈನಲ್ಲಿನಲ್ಲಿ ಜರ್ಮನಿಯ ಮೇಲೆ ಎರಡನೆಯ ಗೋಲು ಹೊಡೆದು ಅಂಗಿ ಕಿತ್ತೆಸೆದು ನಿಂತ ಇಟಲಿಯ ಬಾಲೊಟೆಲ್ಲಿಯ ಬೆನ್ನಿನ ಮೇಲೂ ಇವೇ ಪಟ್ಟಿಗಳಿದ್ದವು. ಗೆದ್ದವರ ಮೈಮೇಲೆ ಕಂಡದ್ದು ಗೆಲುವಿಗೆ ಕಾರಣ ಅನ್ನಿಸುವುದು ಸಹಜ. ಸೋತವರ ಮೈಮೇಲಿನ ಪಟ್ಟಿಯ ಫೋಟೋ ಯಾರು ತೆಗೆಯುತ್ತಾರೆ?

ನನ್ನ ಭುಜ ಸುಧಾರಿಸುತ್ತಿದ್ದ ಅದೇ ದಿನಗಳಲ್ಲಿ ಏಜೆನ್ಸಿಯೊಂದರಿಂದ ಮೇಲ್ ಬಂತು. ಇಂಥದೇ ಪಟ್ಟಿ ಮಾರುವ ಒಂದು ಕಂಪನಿ ಕರ್ನಾಟಕದಲ್ಲಿ ವ್ಯಾಪಾರಕ್ಕೆ ಇಳಿಯುತ್ತಿದೆ, ಡಬ್ಬಿಯ ಮೇಲಿನ ಬರಹ ಮತ್ತು ಒಳಗಿನ ಕರಪತ್ರ ಕನ್ನಡಕ್ಕೆ ಬೇಕು, ಒಟ್ಟು ಆರುನೂರು ಪದ. ಪಟ್ಟಿ ಅಂಟಿಸಿಕೊಂಡ ಕೈಯಿಂದಲೇ ಒಪ್ಪಿಗೆ ಬರೆದೆ. ಇಷ್ಟು ಉತ್ಸಾಹದಿಂದ ನಾನು ಯಾವ ಕರಪತ್ರವನ್ನೂ ಅನುವಾದ ಮಾಡಿಲ್ಲ.

ಮೊದಲ ತೊಡಕು ಎಲಾಸ್ಟಿಕ್ ಅನ್ನುವ ಪದವೇ. ಪಠ್ಯಪುಸ್ತಕದ ಕನ್ನಡದಲ್ಲಿ ಅದು ಸ್ಥಿತಿಸ್ಥಾಪಕ. ವಿಜ್ಞಾನದ ದೃಷ್ಟಿಯಿಂದ ಚೊಕ್ಕ ಪದ: ಎಳೆದು ಬಿಟ್ಟರೆ ಮೊದಲಿನ ಸ್ಥಿತಿಗೆ ಮರಳುವಂಥದ್ದು. ಆದರೆ ಔಷಧಿ ಅಂಗಡಿಯಲ್ಲಿ ನಿಂತು 'ಸ್ಥಿತಿಸ್ಥಾಪಕ ಚಿಕಿತ್ಸಾ ಪಟ್ಟಿ ಕೊಡಿ' ಅನ್ನುವ ಮನುಷ್ಯನನ್ನು ಊಹಿಸಿಕೊಳ್ಳಲು ನನ್ನಿಂದ ಆಗಲಿಲ್ಲ. 'ಹಿಗ್ಗುವ ಪಟ್ಟಿ' ಎಂದು ಬರೆದೆ. ಕನ್ನಡದಲ್ಲಿ ಹಿಗ್ಗುವುದು ಅಂದರೆ ಅಗಲವಾಗುವುದೂ ಹೌದು, ಸಂತೋಷಪಡುವುದೂ ಹೌದು. ಬರೆದು ನಾನೂ ಹಿಗ್ಗಿದೆ. ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಕತ್ತರಿಸಿ ಎಂದು ಇದ್ದಲ್ಲಿ 'ಕವಲು ಪಟ್ಟಿ' ಎಂದೆ. ಕತ್ತರಿ ಹಿಡಿದವರಿಗೆ ಅಕ್ಷರಕ್ಕಿಂತ ಮರದ ಕೊಂಬೆ ಬೇಗ ಕಣ್ಣಿಗೆ ಬರುತ್ತದೆ.

ಎರಡನೆಯ ತೊಡಕು ನಿಜವಾದದ್ದು. ಮೂಲದಲ್ಲಿ, ಈ ಪಟ್ಟಿ ಸ್ನಾಯು ಮತ್ತು ಕೀಲುಗಳ ನೋವು ತಗ್ಗಿಸಲು ನೆರವಾಗಬಹುದು ಅನ್ನುವ ಅರ್ಥದ ವಾಕ್ಯವಿತ್ತು. ನಾನು ಹಾಗೇ ಬರೆದೆ: 'ನೋವಿನ ಉಪಶಮನಕ್ಕೆ ನೆರವಾಗಬಹುದು.' ಎರಡು ದಿನಗಳ ನಂತರ ತಿದ್ದುಪಡಿ ಕೇಳಿ ಮೇಲ್ ಬಂತು. ಉಪಶಮನ ಕಷ್ಟದ ಪದ, 'ನಿವಾರಣೆ' ಮಾಡಿ, ಎಲ್ಲ ಮುಲಾಮುಗಳ ಮೇಲೂ ಹಾಗೇ ಇರುತ್ತದೆ. 'ಬಹುದು' ಅಂದರೆ ಕಂಪನಿಗೇ ಅನುಮಾನವಿದ್ದ ಹಾಗೆ ಕೇಳಿಸುತ್ತದೆ, ತೆಗೆಯಿರಿ. ಕರಪತ್ರ ಒಂದೇ ಪುಟಕ್ಕೆ ಕೂರಬೇಕು, ಎಚ್ಚರಿಕೆಗಳನ್ನು ಚಿಕ್ಕದು ಮಾಡಿ.

ಶಮನ ಅಂದರೆ ತಣಿಯುವುದು. ನಿವಾರಣೆ ಅಂದರೆ ಇಲ್ಲವಾಗುವುದು. ಬೆಂಕಿಯನ್ನು ಶಮನ ಮಾಡಿದರೆ ಕೆಂಡ ಉಳಿದಿರಬಹುದು, ವಿಘ್ನವನ್ನು ನಿವಾರಣೆ ಮಾಡಿದ ಮೇಲೆ ವಿಘ್ನ ಇರುವುದಿಲ್ಲ. ಈ ವ್ಯತ್ಯಾಸ ನನಗೆ ಗೊತ್ತಿತ್ತು. 'ಬಹುದು' ಬಗ್ಗೆಯಂತೂ ಎಂ.ಎ. ತರಗತಿಯಲ್ಲಿ ಸೆಮಿನಾರ್ ಕೊಟ್ಟಿದ್ದೆ. ಅದು 'ಬರು' ಧಾತುವಿನಿಂದ ಬಂದ ರೂಪ, ಹಳೆಯ ಅರ್ಥ 'ಬರುವುದು' ಅಂತಲೇ. ಬಂದರೆ ಬಂದೀತು ಅನ್ನುವ ಒಂದು ವಿನಯ ಆ ಮೂರಕ್ಷರದಲ್ಲಿದೆ. ಇವತ್ತಿನ ಕನ್ನಡದಲ್ಲಿ ಅನುಮತಿಗೂ ಅದೇ, ಸಾಧ್ಯತೆಗೂ ಅದೇ: 'ನೀವು ಒಳಗೆ ಬರಬಹುದು', 'ಮಳೆ ಬರಬಹುದು'. ಇಷ್ಟೆಲ್ಲ ಗೊತ್ತಿದ್ದವಳು ಏನು ಮಾಡಿದೆ? ತೆಗೆದೆ. 'ಸ್ನಾಯು ಮತ್ತು ಕೀಲು ನೋವಿನ ನಿವಾರಣೆಗೆ' ಎಂದು ಬರೆದೆ. ಒಂಬತ್ತು ಎಚ್ಚರಿಕೆಗಳನ್ನು ನಾಲ್ಕಕ್ಕೆ ಇಳಿಸಿದೆ. ಯಾವ ನಾಲ್ಕು ಇರಬೇಕು ಎಂದು ಕಂಪನಿಯೇ ಗುರುತು ಹಾಕಿ ಕಳಿಸಿತ್ತು. ಐದು ದಿನಕ್ಕಿಂತ ಹೆಚ್ಚು ಇಡಬೇಡಿ ಅನ್ನುವ ಸಾಲು, 'ಐದು ದಿನಗಳವರೆಗೂ ಅಂಟಿಕೊಂಡಿರುತ್ತದೆ' ಎಂದು ಗುಣಗಳ ಪಟ್ಟಿಗೆ ಹೋಯಿತು. ಮಿತಿಯಾಗಿದ್ದದ್ದು ಹೆಗ್ಗಳಿಕೆಯಾಯಿತು. ನನ್ನ ಭುಜಕ್ಕೆ ಗುಣವಾಗಿತ್ತಲ್ಲ, ಸುಳ್ಳೇನು ಬರೆಯುತ್ತಿಲ್ಲ ಅಂದುಕೊಂಡೆ. ಹಣ ತಿಂಗಳೊಳಗೆ ಬಂತು. ಅದರ ಹಿಂದೆಯೇ ಕೊರಿಯರಿನಲ್ಲಿ, ಕನ್ನಡ ಅಚ್ಚಾಗಿದ್ದ ಎರಡು ಡಬ್ಬಿಗಳೂ ಬಂದವು.

ಅಮ್ಮ ಧಾರವಾಡದ ಕಡೆಯವಳು. ಮದುವೆಯಾಗಿ ಡೊಂಬಿವಲಿಗೆ ಬಂದು ನಲವತ್ತು ವರ್ಷವಾಯಿತು. ದಿನಾ 'ಕರ್ನಾಟಕ ಮಲ್ಲ' ಓದುತ್ತಾಳೆ, ಕರ್ನಾಟಕ ಸಂಘದ ಕಾರ್ಯಕ್ರಮವಿದ್ದರೆ ಮಂಜುನಾಥ ವಿದ್ಯಾಲಯದವರೆಗೆ ನಡೆದೇ ಹೋಗುತ್ತಿದ್ದಳು, ಮೊಣಕಾಲು ಕೈಕೊಡುವವರೆಗೆ. ಈ ಊರಿನಲ್ಲಿ ಅವಳ ಕೈಗೆ ಬಂದ ಔಷಧಿ ಚೀಟಿಗಳೆಲ್ಲ ಇಂಗ್ಲಿಷ್, ಹೆಚ್ಚೆಂದರೆ ಹಿಂದಿ ಅಥವಾ ಮರಾಠಿ. ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ಔಷಧಿ ಡಬ್ಬಿ ಅವಳೊಂದಿಗೆ ಕನ್ನಡದಲ್ಲಿ ಮಾತಾಡಿತು. ಕಿಟಕಿಯ ಹತ್ತಿರ ಕೂತು, ಕನ್ನಡಕ ಹಾಕಿಕೊಂಡು, ಪೂರ್ತಿ ಕರಪತ್ರವನ್ನು ಗಟ್ಟಿಯಾಗಿ ಓದಿದಳು. 'ಇದನ್ನ ನೀನೇ ಬರದೀಯೇನ? ಎಷ್ಟು ಚಂದ ತಿಳಿತೈತಿ ನೋಡು.' ನನಗೆ ಪ್ರಶಸ್ತಿ ಬಂದಷ್ಟು ಖುಷಿಯಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಮುಂದಿನ ವಾರ ನಾನು ಧಾರವಾಡಕ್ಕೆ, ಚಿಕ್ಕಮ್ಮನ ಮನೆಯ ಕಾರ್ಯಕ್ಕೆ ಹೋದೆ. ಎಂಟು ದಿನ ಬಿಟ್ಟು ಬಂದಾಗ ಅಮ್ಮ ಎಡಗಾಲು ಚಾಚಿ ಕೂತಿದ್ದಳು, ಮೊಣಕಾಲಿನ ಮೇಲೆ ಹಳೆಯ ಮಲ್ ಬಟ್ಟೆ. ತೆಗೆದು ನೋಡಿದೆ. ಮೊಣಚಿಪ್ಪಿನ ಒಳಬದಿಗೆ ಎರಡು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಿ ಚರ್ಮ ಸುಲಿದು ಕೆಂಪಾಗಿತ್ತು, ಸುತ್ತ ಪಟ್ಟಿಯ ಆಕಾರದಲ್ಲೇ ಗುಳ್ಳೆಗಳು. ನಾನು ಹೊರಟ ದಿನವೇ ಪಟ್ಟಿ ಹಚ್ಚಿಕೊಂಡಿದ್ದಳು. ಹಿಗ್ಗುವ ಪಟ್ಟಿ ಅಂತ ಬರೆದಿದೆಯಲ್ಲ, ಹಿಗ್ಗುವಷ್ಟೂ ಎಳೆದು ಹಚ್ಚಿದ್ದಳು. ನಾಲ್ಕನೆಯ ದಿನ ತುರಿಸಿತು. ಏಳನೆಯ ದಿನ ಸ್ನಾನ ಮಾಡಿ, ಹಸಿ ಚರ್ಮದಿಂದ ಒಂದೇ ಏಟಿಗೆ ಕಿತ್ತಿದ್ದಳು.

'ತುರಿಸಿದ ದಿನಾನೇ ಯಾಕ ತೆಗೀಲಿಲ್ಲ?' ಸಿಟ್ಟಿನಲ್ಲೇ ಕೇಳಿದೆ.

'ನೋವು ನಿವಾರಣೆ ಆಗಿದ್ದಿಲ್ಲಲ್ಲವಾ. ನೋವು ಹೋದ ಮ್ಯಾಲೆ ತಗದ್ರಾತು ಅಂತ ಬಿಟ್ಟಿದ್ದೆ.'

ಅವಳು ತಪ್ಪು ಓದಿರಲಿಲ್ಲ. ನಾನು ಬರೆದದ್ದನ್ನು ಅಕ್ಷರಕ್ಕೆ ಅಕ್ಷರ ಸರಿಯಾಗಿಯೇ ಓದಿದ್ದಳು. ನೋವು ಇಲ್ಲವಾಗುವುದಕ್ಕೆ ಹಚ್ಚುವ ಪಟ್ಟಿಯನ್ನು ನೋವು ಇಲ್ಲವಾಗುವವರೆಗೆ ಇಟ್ಟುಕೊಂಡಿದ್ದಳು. ಅಮ್ಮನಿಗೆ ಅರವತ್ತೇಳು ವರ್ಷ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ವಯಸ್ಸಾದವರ ಚರ್ಮ ತೆಳು, ಅಂಟಿನ ಜೊತೆಗೆ ಎದ್ದುಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಗಾಯ ನಿಧಾನವಾಗಿ ಮಾಯುತ್ತದೆ, ಸ್ಪರ್ಶವೂ ಮಂದವಾಗಿರಬಹುದು. ಇಂಥವರು ವೈದ್ಯರನ್ನು ಕೇಳಿಯೇ ಬಳಸಬೇಕು ಅನ್ನುವುದು ಮೂಲದ ಒಂಬತ್ತು ಎಚ್ಚರಿಕೆಗಳಲ್ಲಿ ಇತ್ತು. ನಾಲ್ಕರಲ್ಲಿ ಇರಲಿಲ್ಲ. ಗಾಯ ಪೂರ್ತಿ ಮಾಯಲು ತಿಂಗಳು ಹಿಡಿಯಿತು, ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಡಾಕ್ಟರು ಪಟ್ಟಿ ಯಾರು ಹೇಳಿದ್ದು ಎಂದು ಕೇಳಿದಾಗ ಅಮ್ಮ ನನ್ನ ಮುಖ ನೋಡಿ, 'ಹಿಂಗ ಸುಮ್ನ ಹಚ್ಚಿ ನೋಡಿದ್ದೆ' ಅಂದಳು.

ಆ ತಿಂಗಳು ನಾನು ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ: ಈ ಪಟ್ಟಿಯ ಬಗ್ಗೆ ಕಂಪನಿಗಳಲ್ಲದವರು ಏನು ಹೇಳುತ್ತಾರೆಂದು ಓದಿದೆ. 2014ರಲ್ಲಿ ಬ್ರೆಜಿಲ್ಲಿನ ಸಂಶೋಧಕರು ಹಳೆಯ ಸೊಂಟನೋವಿನ 148 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪಟ್ಟಿಯನ್ನು ನಿಯಮದಂತೆ ಎಳೆದು, ನೆರಿಗೆ ಮೂಡುವಂತೆ ಹಚ್ಚಿದರು. ಇನ್ನೊಂದಕ್ಕೆ ಎಳೆಯದೆ, ನೆರಿಗೆ ಮೂಡದಂತೆ ಹಚ್ಚಿದರು. ನಾಲ್ಕು ವಾರ, ಎಂಟು ಬಾರಿ. ಎರಡೂ ಗುಂಪಿನವರ ನೋವು ಕಡಿಮೆಯಾಯಿತು, ಒಂದೇ ಪ್ರಮಾಣದಲ್ಲಿ. ಅಂದರೆ ಯಾವ ನೆರಿಗೆಯ ಮೇಲೆ ಕಾಸೆಯ ವಾದ ನಿಂತಿತ್ತೋ ಆ ನೆರಿಗೆಗೆ ಕೆಲಸವೇ ಇರಲಿಲ್ಲ. ಅದೇ ವರ್ಷ, ಸ್ನಾಯು ಮತ್ತು ಕೀಲುಗಳ ತೊಂದರೆಗೆ ಈ ಪಟ್ಟಿ ಹಚ್ಚಿ ನಡೆಸಿದ 12 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಇನ್ನೊಂದು ಸಮೀಕ್ಷೆ, ಚಿಕಿತ್ಸೆಯಾಗಿ ಇದನ್ನು ಬಳಸಲು ಸದ್ಯದ ಪುರಾವೆ ಸಾಲದು ಎಂಬ ತೀರ್ಮಾನಕ್ಕೆ ಬಂತು. ಕಂಡ ಲಾಭ ಇದ್ದರೂ ರೋಗಿಗೆ ಲೆಕ್ಕಕ್ಕೆ ಬಾರದಷ್ಟು ಸಣ್ಣದು.

ಹಾಗಾದರೆ ನನ್ನ ಭುಜ? ಮೆಟ್ಟಿಲಿಳಿಯುವಾಗಲೇ ಹಗುರವಾದದ್ದು ಭ್ರಮೆಯೇ? ಇಲ್ಲಿ ಮೆಲ್ಜಾಕ್ ಮತ್ತೆ ಬರುತ್ತಾನೆ. ಪದಗಳನ್ನು ಕೂಡಿಹಾಕುವುದಕ್ಕೆ ಹತ್ತು ವರ್ಷ ಮೊದಲು, 1965ರಲ್ಲಿ, ಪ್ಯಾಟ್ರಿಕ್ ವಾಲ್ ಜೊತೆ ಸೇರಿ ಅವನು ಒಂದು ಸಿದ್ಧಾಂತ ಮಂಡಿಸಿದ. ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂಥ ವ್ಯವಸ್ಥೆಯಿದೆ. ನೋವಿನ ಸುದ್ದಿ ಸಣ್ಣ ನರಗಳ ಮೂಲಕ, ಸ್ಪರ್ಶದ ಸುದ್ದಿ ದಪ್ಪ ನರಗಳ ಮೂಲಕ ಅಲ್ಲಿಗೆ ಬರುತ್ತವೆ. ಸ್ಪರ್ಶದ ಸುದ್ದಿ ಜೋರಾಗಿದ್ದರೆ ಬಾಗಿಲು ಅರ್ಧ ಮುಚ್ಚುತ್ತದೆ, ನೋವಿನ ಸುದ್ದಿ ಮೆದುಳಿಗೆ ಕಡಿಮೆ ತಲುಪುತ್ತದೆ. ಆ ಸಿದ್ಧಾಂತದ ವಿವರಗಳು ಆಮೇಲೆ ಬಹಳ ಬದಲಾಗಿವೆ. ಆದರೆ ಮಗುವಿನ ಮಂಡಿಗೆ ಪೆಟ್ಟಾದರೆ ನಾವು ತಕ್ಷಣ ಉಜ್ಜುವುದು ಯಾಕೆ ಅನ್ನುವುದಕ್ಕೆ ಅದು ಕೊಟ್ಟ ಉತ್ತರ ಇನ್ನೂ ನಿಂತಿದೆ. ಚರ್ಮಕ್ಕೆ ಅಂಟಿ, ಪ್ರತಿ ಚಲನೆಗೂ ತುಸು ಎಳೆಯುವ ಪಟ್ಟಿ ಮೂರು ದಿನ ಬಿಡದೆ ಇಟ್ಟ ಕೈಯಂತೆ ಸ್ವಲ್ಪ ಕೆಲಸ ಮಾಡುತ್ತಿರಬಹುದು.

ಉಳಿದದ್ದು ಹೆದರಿಕೆಯ ಲೆಕ್ಕ. ಭುಜ ನೋಯುವವರು ಭುಜವನ್ನು ಆಡಿಸುವುದಿಲ್ಲ. ಆಡಿಸದಿದ್ದರೆ ಬಿಗಿಯುತ್ತದೆ, ಬಿಗಿದರೆ ಇನ್ನಷ್ಟು ನೋಯುತ್ತದೆ. ಪಟ್ಟಿ ಇದೆ ಅನ್ನುವ ಧೈರ್ಯದಲ್ಲಿ ನಾನು ಕೈ ಎತ್ತಿದೆ, ದಿನಕ್ಕೆ ಮೂರು ಬಾರಿ ವ್ಯಾಯಾಮ ಮಾಡಿದೆ. ಲ್ಯಾಪ್‌ಟಾಪ್ ಕೆಳಗೆ ಎರಡು ದಪ್ಪ ನಿಘಂಟು ಇಟ್ಟೆ. ಜೊತೆಗೆ ಇಂಥ ಎಷ್ಟೋ ನೋವುಗಳು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಇವೆಲ್ಲ ಸೇರಿ ಆದ ಗುಣಕ್ಕೆ, ಕಣ್ಣಿಗೆ ಕಂಡದ್ದು ನೀಲಿ ಪಟ್ಟಿ ಒಂದೇ ಆದ್ದರಿಂದ, ಪೂರ್ತಿ ಶ್ರೇಯ ಅದಕ್ಕೆ ಕೊಟ್ಟಿದ್ದೆ. ಫಿಸಿಯೋಥೆರಪಿಸ್ಟ್ ಮೊದಲ ದಿನವೇ ಹೇಳಿದ್ದಳು. ಅವಳ ಮಾತಿನಲ್ಲಿ ನಿವಾರಣೆ ಇರಲಿಲ್ಲ.

ಏಜೆನ್ಸಿಗೆ ಬರೆದೆ. ಎರಡು ಪದ ಬದಲಿಸಬೇಕು, ಐದು ಎಚ್ಚರಿಕೆಗಳನ್ನು ಮರಳಿ ಸೇರಿಸಬೇಕು, ನನ್ನ ಕೆಲಸಕ್ಕೆ ಹಣ ಬೇಡ ಎಂದೆ. ಅಚ್ಚು ಮುಗಿದಿದೆ, ಮುಂದಿನ ಮುದ್ರಣದಲ್ಲಿ ನೋಡೋಣ ಎಂದು ಉತ್ತರ ಬಂತು. ಮುಂದಿನ ಮುದ್ರಣ ಆಯಿತೋ ಇಲ್ಲವೋ ನನಗೆ ಹೇಳಿದವರಿಲ್ಲ. ಆ ಏಜೆನ್ಸಿಯಿಂದ ಕೆಲಸ ಬರುವುದು ಕಡಿಮೆಯಾಗಿದೆ, ಕಾರಣ ಇದೇ ಎಂದು ಹೇಳಲಾರೆ. ಈಗ ಮೈಗೆ ಹಚ್ಚುವ, ಹೊಟ್ಟೆಗೆ ಹೋಗುವ ಯಾವುದೇ ವಸ್ತುವಿನ ಅನುವಾದ ಬಂದರೂ ಎಚ್ಚರಿಕೆಗಳನ್ನು ಕೈಬಿಡುವುದಾದರೆ ನನ್ನನ್ನು ಕೈಬಿಡಿ ಎಂದು ಮೊದಲೇ ಬರೆಯುತ್ತೇನೆ. ಕೆಲವರು ಬಿಡುತ್ತಾರೆ.

ಕರಪತ್ರವನ್ನು ಮಾತ್ರ ಇನ್ನೊಮ್ಮೆ ಅನುವಾದ ಮಾಡಿದೆ, ಒಬ್ಬಳೇ ಓದುಗಳಿಗಾಗಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ಆ ಚೀಟಿ ಹೀಗಿದೆ:

'ಇದರಲ್ಲಿ ಔಷಧಿ ಇಲ್ಲ. ನೋವು ಸ್ವಲ್ಪ ತಗ್ಗಬಹುದು, ತಗ್ಗದೆಯೂ ಇರಬಹುದು. ಗಾಯ, ಹುಣ್ಣು, ಕೆಂಪಾದ ಚರ್ಮದ ಮೇಲೆ ಹಚ್ಚಬಾರದು. ಮೀನಖಂಡ ಇದ್ದಕ್ಕಿದ್ದಂತೆ ಬಾತು ಬಿಸಿಯಾಗಿ ನೋಯುತ್ತಿದ್ದರೆ ಪಟ್ಟಿಯಲ್ಲ, ಡಾಕ್ಟರು ಬೇಕು. ಸಕ್ಕರೆ ಕಾಯಿಲೆ ಇದ್ದವರು, ಚರ್ಮ ತೆಳುವಾದವರು ಕೇಳದೆ ಹಚ್ಚಬಾರದು. ಮೊದಲು ಬೆರಳಗಲದ ತುಂಡು ಹಚ್ಚಿ ಒಂದು ದಿನ ನೋಡಬೇಕು. ತುದಿಗಳನ್ನು ಎಳೆಯಬಾರದು, ನಡುವೆ ಮಾತ್ರ ಚೂರು ಎಳೆಯಬೇಕು. ತುರಿಸಿದರೆ, ಉರಿದರೆ, ನೋವು ಇದ್ದರೂ ಸರಿ, ಆಗಲೇ ತೆಗೆಯಬೇಕು. ಏನೂ ಆಗದಿದ್ದರೂ ಮೂರು ದಿನಕ್ಕೆ, ಹೆಚ್ಚೆಂದರೆ ಐದು ದಿನಕ್ಕೆ ತೆಗೆಯಬೇಕು. ತೆಗೆಯುವಾಗ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಒಂದು ಕೈಯಿಂದ ಚರ್ಮ ಒತ್ತಿ ಹಿಡಿದು, ಕೂದಲು ಮಲಗಿದ ದಿಕ್ಕಿಗೆ, ನಿಧಾನವಾಗಿ.'

ಅಮ್ಮ ಅದನ್ನು ಓದಿ, 'ಇಷ್ಟೆಲ್ಲಾ ಇದ್ರ ಯಾರು ತಗೋತಾರ?' ಅಂದಳು. ಕಂಪನಿಯ ಮೇಲ್‌ನಲ್ಲೂ ಹೆಚ್ಚುಕಡಿಮೆ ಅದೇ ಇತ್ತು.

ಅವಳು ಮತ್ತೆ ಹಚ್ಚಲಿಲ್ಲ. ಬದಲಿಗೆ ಅದೇ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದನ್ನು ಮಾಡುತ್ತಾಳೆ. ಸವೆದ ಮೊಣಕಾಲಿಗೆ ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗಬೇಕು, ಆ ಸ್ನಾಯು ಹೊತ್ತಷ್ಟು ಭಾರ ಕೀಲಿಗೆ ಕಡಿಮೆ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು, ಇಳಿಸಬೇಕು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಡಬ್ಬಿ ಇಲ್ಲ, ಬಣ್ಣ ಇಲ್ಲ, ಖರ್ಚಿಲ್ಲ, ಆದ್ದರಿಂದ ಜಾಹೀರಾತೂ ಇಲ್ಲ. ಮೊದಲ ತಿಂಗಳು ಏನೂ ವ್ಯತ್ಯಾಸ ಕಾಣಲಿಲ್ಲ. ಆರನೆಯ ವಾರದ ಹೊತ್ತಿಗೆ ಕುರ್ಚಿಯಿಂದ ಏಳುವಾಗ ಮೇಜು ಹಿಡಿಯುವುದನ್ನು ಬಿಟ್ಟಿದ್ದಳು. ಉಳಿದ ಪಟ್ಟಿ ಈಗ ಟಿವಿ ರಿಮೋಟಿನ ಬ್ಯಾಟರಿ ಮುಚ್ಚಳವನ್ನು ಹಿಡಿದುಕೊಂಡಿದೆ.

ಕಳೆದ ತಿಂಗಳು ಧಾರವಾಡದಿಂದ ಚಿಕ್ಕಮ್ಮ ಫೋನ್ ಮಾಡಿದ್ದಳು. ಅವಳಿಗೂ ಮೊಣಕಾಲು. ಅಕ್ಕನದು ಹೇಗಿದೆ ಎಂದು ವಿಚಾರಿಸಿದಳು. ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿ, ಕಾಲು ಚಾಚಿ ಎಣಿಸುತ್ತಿದ್ದದ್ದನ್ನು ನಡುವೆಯೇ ನಿಲ್ಲಿಸಿ ಹೇಳಿದಳು:

'ನೋವು ಐತೆವ್ವ, ಎಲ್ಲಿ ಹೋಗತೈತಿ. ಆದ್ರ ಸ್ಟೇಶನ್ನಿನ ಮೆಟ್ಟಲಾ ಹತ್ತಬಹುದು.'